ಮುಖಕ್ಕೊಂದು ಕ್ಯಾಮೆರಾ

ಕಿರಿಯಳು: ದೊಡ್ಡಪ್ಪ, ಕೆಲಸ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ನನ್ನ ಕೋಣೆಗೆ ಹಿಂದಿರುಗಿದ ಮೇಲೆ ರಾತ್ರಿಯ ಹೊತ್ತು ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು, ಆಡುತ್ತಾಡುತ್ತಲೇ ಕನ್ನಡದಲ್ಲಿ ವಿವರಿಸಿ, ನೇರವಾಗಿ ಪ್ರಸಾರ ಮಾಡಬೇಕೆಂಬ ಆಸೆ ಬಹಳ ಕಾಲದಿಂದ ಇದ್ದುದು ಈಗ ನಿಶ್ಚಯವಾಗಿ ಪರಿಣಮಿಸಿದೆ. ಅದಕ್ಕೆಂದು ಎಪ್ಪತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ ಒಂದನ್ನು ಕೊಳ್ಳೋಣವೆಂದಿದ್ದೇನೆ. ಪೀಣ್ಯದಲ್ಲಿ ನೀವು ಅಷ್ಟು ವರ್ಷ ಕ್ಯಾಮೆರಾಗಳೊಡನೆ ದುಡಿದವರು. ಯಾವುದು ಒಳ್ಳೆಯದು, ಹೇಳಿ.

ಹಿರಿಯರು: ನಾನು ದುಡಿದ ಕ್ಯಾಮೆರಾಗಳು ಗೇರಿನ ಹಲ್ಲನ್ನೂ ಬೇರಿಂಗಿನ ಅಂಚನ್ನೂ ನೋಡುತ್ತಿದ್ದವಮ್ಮ, ಮನುಷ್ಯರ ಮುಖವನ್ನಲ್ಲ. ಆದರೂ ಅಲ್ಲಿ ಅಭ್ಯಾಸವಾದ ಒಂದು ಪದ್ಧತಿ ಇಲ್ಲಿಯೂ ಸಲ್ಲುವುದೆಂದು ತೋರುತ್ತದೆ. ಯಂತ್ರವೊಂದಕ್ಕೆ ಕ್ಯಾಮೆರಾ ಕೂಡಿಸುವ ಪ್ರಸ್ತಾಪ ಬಂದಾಗಲೆಲ್ಲ, ಯಾವ ಕ್ಯಾಮೆರಾ ಎಂದು ವಿಚಾರಿಸುವುದಕ್ಕೆ ಮೊದಲು, ಅದು ಏನನ್ನು ಕಾಣಬೇಕು, ಕಂಡುದನ್ನು ಯಾರು ಯಾವ ಪ್ರಯೋಜನಕ್ಕಾಗಿ ನೋಡುವರು ಎಂಬೆರಡನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆವು. ನಿನ್ನ ಕ್ಯಾಮೆರಾ ಏನನ್ನು ಕಾಣಬೇಕು?

ಕಿರಿಯಳು: ಆಟವನ್ನು, ಜೊತೆಗೆ ಆಡುವ ನನ್ನನ್ನು.

ಹಿರಿಯರು: ಆ ಎರಡರಲ್ಲಿ ಮೊದಲನೆಯದನ್ನು ಈಗಲೇ ಹೊಡೆದುಹಾಕು. ಆಟದ ಚಿತ್ರ ಕಂಪ್ಯೂಟರಿನ ಒಳಗೆ ಹುಟ್ಟುತ್ತದೆ. ಪರದೆಯ ಮೇಲೆ ಬೆಳಕಾಗಿ ಹೊಮ್ಮುವುದಕ್ಕೆ ಮೊದಲೇ ಅದು ಅಂಕೆಗಳ ರೂಪದಲ್ಲಿ ಪರಿಪೂರ್ಣವಾಗಿ ಸಿದ್ಧವಾಗಿರುತ್ತದೆ. ಆ ಅಂಕೆಗಳನ್ನೇ ನೇರವಾಗಿ ಎತ್ತಿಕೊಳ್ಳುವ ತಂತ್ರಾಂಶ ಉಂಟು. 2012ರಲ್ಲಿ ಹ್ಯೂ ಬೈಲಿ ಎಂಬಾತ ಆರಂಭಿಸಿದ, ಈಗ ಲೋಕದಾದ್ಯಂತ ಬಳಕೆಯಲ್ಲಿರುವ ಒಬಿಎಸ್ ಎಂಬುದಕ್ಕೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಹಾಗೆ ಮಾಡದೆ ಪರದೆಯ ಎದುರಿಗೆ ಕ್ಯಾಮೆರಾ ನಿಲ್ಲಿಸಿದೆಯಾದರೆ, ಪರದೆ ತನ್ನ ಚಿತ್ರವನ್ನು ಹೊಸದಾಗಿಸುವ ವೇಗಕ್ಕೂ ಕ್ಯಾಮೆರಾ ಕಣ್ತೆರೆಯುವ ವೇಗಕ್ಕೂ ತಾಳೆಯಾಗದೆ ಪಟ್ಟೆಗಳು ಹರಿಯುತ್ತವೆ; ಪರದೆಯ ಸೂಕ್ಷ್ಮ ಚುಕ್ಕೆಗಳ ಜಾಲವೂ ಸೆನ್ಸರಿನ ಚುಕ್ಕೆಗಳ ಜಾಲವೂ ಒಂದರ ಮೇಲೊಂದು ಬಿದ್ದು, ಇಲ್ಲದ ಅಲೆಗಳು ಮೂಡುತ್ತವೆ. ಎಪ್ಪತ್ತು ಸಾವಿರದ ಕ್ಯಾಮೆರಾಕ್ಕೂ ಅದರಿಂದ ಬಿಡುಗಡೆಯಿಲ್ಲ.

ಕಿರಿಯಳು: ಕಂಪ್ಯೂಟರಿಗೆ ಅದು ಸರಿ. ನನ್ನ ಬಳಿ ಪ್ಲೇಸ್ಟೇಷನ್ ಕೂಡ ಇದೆಯಲ್ಲ?

ಹಿರಿಯರು: ಪ್ಲೇಸ್ಟೇಷನ್ ತಾನಾಗಿಯೇ ಪ್ರಸಾರ ಮಾಡಬಲ್ಲದು, ಆದರೆ ಕಂಪ್ಯೂಟರಿನ ಮೂಲಕ ಹಾಯಿಸಿ ನಿನ್ನಿಚ್ಛೆಯಂತೆ ಜೋಡಿಸಬೇಕಾದರೆ ನಡುವೆ ಒಂದು ಕ್ಯಾಪ್ಚರ್ ಕಾರ್ಡು ಬೇಕು. ಪ್ಲೇಸ್ಟೇಷನ್ನಿನಿಂದ ಹೊರಟ ಎಚ್‌ಡಿಎಂಐ ತಂತಿ ಆ ಕಾರ್ಡಿಗೆ, ಅಲ್ಲಿಂದ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ. ಆಗ ಚಿತ್ರಕ್ಕೆ ಬದಲಾಗಿ ಕಪ್ಪು ಪರದೆ ಕಂಡಿತೆಂದು ಗಾಬರಿಪಡಬೇಡ. ನಕಲನ್ನು ತಡೆಯಲು ಹಾಕಿರುವ ಎಚ್‌ಡಿಸಿಪಿ ಎಂಬ ಕಾವಲನ್ನು ಪ್ಲೇಸ್ಟೇಷನ್ನಿನ ಸೆಟ್ಟಿಂಗಿನಲ್ಲಿ ತೆಗೆದರೆ ಆಟ ಕಾಣುತ್ತದೆ. ಅಂಗಡಿಯಲ್ಲಿ ಬಹಳ ಅಗ್ಗದ ಕಾರ್ಡುಗಳನ್ನು ಮುಂದೆ ಹಿಡಿಯುತ್ತಾರೆ. ಅವು ಯುಎಸ್‌ಬಿ 2ರ ಮೂಲಕ ಕೆಲಸ ಮಾಡುವಂಥವಾಗಿದ್ದರೆ ಒಂದು ಲೆಕ್ಕ ಹಾಕಿ ನೋಡು: 1920 ಗುಣಿಸು 1080 ಚುಕ್ಕೆಗಳು, ಚುಕ್ಕೆಗೆ 16 ಬಿಟ್, ಸೆಕೆಂಡಿಗೆ 30 ಚಿತ್ರಗಳು ಎಂದರೆ ಸೆಕೆಂಡಿಗೆ 995 ಮೆಗಾಬಿಟ್ಟಿನಷ್ಟಾಗುತ್ತದೆ; ಯುಎಸ್‌ಬಿ 2 ಎಂಬ ದಾರಿಯ ಪರಮಾವಧಿ 480. ಆದುದರಿಂದ ಕಾರ್ಡು ಚಿತ್ರವನ್ನು ಕುಗ್ಗಿಸಿಯೇ ಕಳುಹಿಸಬೇಕು. ಕುಗ್ಗಿಸಿದುದನ್ನು ಪ್ರಸಾರಕ್ಕಾಗಿ ಒಬಿಎಸ್ ಇನ್ನೊಮ್ಮೆ ಕುಗ್ಗಿಸುತ್ತದೆ. ಎರಡು ಸಲ ಹಿಂಡಿದ ಚಿತ್ರದಲ್ಲಿ ಸೂಕ್ಷ್ಮವೇನೂ ಉಳಿಯದು. ಕಾರ್ಡು ಕೊಳ್ಳುವುದಾದರೆ ಯುಎಸ್‌ಬಿ 3ರದ್ದನ್ನೇ ಕೇಳು.

ಕಿರಿಯಳು: ಹಾಗಾದರೆ ಕ್ಯಾಮೆರಾಕ್ಕೆ ಉಳಿದದ್ದು ನನ್ನ ಮುಖ ಒಂದೇ.

ಹಿರಿಯರು: ಅದೂ ಪರದೆಯ ಮೂಲೆಯಲ್ಲಿ. ಸಾಮಾನ್ಯವಾಗಿ ಆ ಚೌಕ ಅಗಲದಲ್ಲಿ ಕಾಲು ಭಾಗ, ಎತ್ತರದಲ್ಲಿ ಕಾಲು ಭಾಗ: 480 ಗುಣಿಸು 270 ಚುಕ್ಕೆಗಳು. ಇಡೀ ಚಿತ್ರದ ಹದಿನಾರನೆಯ ಒಂದು ಪಾಲು. 4ಕೆ ಕ್ಯಾಮೆರಾ ಎಂಬತ್ತು ಲಕ್ಷಕ್ಕೂ ಮಿಕ್ಕ ಚುಕ್ಕೆಗಳನ್ನು ಸಂಗ್ರಹಿಸಿ ತಂದರೆ, ಅವುಗಳಲ್ಲಿ ಸುಮಾರು 1,30,000 ಮಾತ್ರ ನೋಡುವವನಿಗೆ ತಲುಪುತ್ತವೆ. ಉಳಿದುದಕ್ಕೆ ನೀನು ತೆತ್ತ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಿರಿಯಳು: ಅಷ್ಟು ಸಣ್ಣದೆಂದಮೇಲೆ ಮುಖವೇ ಏಕೆ ಬೇಕು ದೊಡ್ಡಪ್ಪ? ಆಟ, ಧ್ವನಿ ಇವೆರಡನ್ನೇ ಪ್ರಸಾರ ಮಾಡಿದರಾಗದೆ? ಕ್ಯಾಮೆರಾದ ಪ್ರಶ್ನೆಯೇ ಉಳಿಯುವುದಿಲ್ಲ.

ಹಿರಿಯರು: ಹಾಗೆ ಮಾಡುವವರೂ ಇದ್ದಾರೆ. ಆದರೆ ಮುಖವನ್ನು ಬಿಡಬೇಡವೆಂದು ನಾನು ಹೇಳುವೆ. ಅದಕ್ಕೆ ಕಾರಣವನ್ನು ನನ್ನ ನೆರೆಯಲ್ಲೇ ಕಂಡಿದ್ದೇನೆ. ನಮ್ಮ ಪೀಣ್ಯದಲ್ಲಿ ಲೇತುಗಳ, ಪ್ರೆಸ್ಸುಗಳ ಸದ್ದಿನ ನಡುವೆಯೇ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆಯಲ್ಲ, ನಮ್ಮ ಉಪಗ್ರಹಗಳೊಡನೆ ಸಂಪರ್ಕವಿರಿಸಿಕೊಂಡು ಅವಕ್ಕೆ ಆಜ್ಞೆ ಕಳುಹಿಸುವ ಸ್ಥಳ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಾಗ ಅಲ್ಲಿಂದ ಹೊರಟ ನೇರಪ್ರಸಾರವನ್ನು ಇಸ್ರೋದ ಯೂಟ್ಯೂಬ್ ವಾಹಿನಿಯೊಂದರಲ್ಲೇ ಏಕಕಾಲಕ್ಕೆ ಎಂಬತ್ತು ಲಕ್ಷ ಮಂದಿ ನೋಡಿದರು. ಅವರು ನೋಡಿದ್ದು ಏನು? ಚಂದ್ರನನ್ನಲ್ಲ. ವಿಕ್ರಮನ ಕ್ಯಾಮೆರಾಗಳು ಇಳಿಯುವಾಗ ತೆಗೆದ ಚಿತ್ರಗಳು ಜನರಿಗೆ ದೊರೆತುದು ಇಳಿದ ತರುವಾಯ. ಆ ಹೊತ್ತಿನಲ್ಲಿ ಪರದೆಯ ಮೇಲಿದ್ದುದು ಒಂದು ವಕ್ರರೇಖೆ, ಎತ್ತರವನ್ನೂ ವೇಗವನ್ನೂ ತಿಳಿಸುವ ಅಂಕೆಗಳು, ಕಂಪ್ಯೂಟರು ರಚಿಸಿದ ನೌಕೆಯ ಒಂದು ಪ್ರತಿರೂಪ. ಅವುಗಳ ನಡುನಡುವೆ, ಉಸಿರು ಬಿಗಿಹಿಡಿದು ಕುಳಿತಿದ್ದ ವಿಜ್ಞಾನಿಗಳ ಮುಖಗಳು.

ಕಿರಿಯಳು: ಯಂತ್ರ ಬರೆದ ಚಿತ್ರ ಒಂದು ಕಡೆ, ಅದನ್ನು ನಡೆಸುವವರ ಮುಖ ಇನ್ನೊಂದು ಕಡೆ. ನಾನು ಮಾಡಹೊರಟಿರುವುದೂ ರೂಪದಲ್ಲಿ ಅದೇ.

ಹಿರಿಯರು: ರೂಪದಲ್ಲಿ ಅದೇ. ಅದಕ್ಕೂ ಹಿಂದೆ, 2019ರ ಸೆಪ್ಟೆಂಬರ್ 7ರ ನಸುಕಿಗೆ ಮುಂಚಿನ ಹೊತ್ತಿನಲ್ಲಿ, ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿದ್ದಾಗ ನಾನು ಎಚ್ಚರವಾಗಿ ಕುಳಿತು ನೋಡಿದ್ದೆ. ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಎಣಿಸಿದಂತೆಯೇ ನಡೆದು, ತರುವಾಯ ಸಂಪರ್ಕ ಕಡಿದುಹೋಯಿತೆಂದು ಅಧ್ಯಕ್ಷ ಕೆ. ಶಿವನ್ ಆಮೇಲೆ ಪ್ರಕಟಿಸಿದರು. ಪರದೆಯ ಮೇಲಿನ ಆ ಚುಕ್ಕೆ ನಿಂತಿತೋ ಚಲಿಸುತ್ತಿದೆಯೋ ಎಂಬುದು ನನ್ನಂಥವನಿಗೆ ಹೇಗೆ ತಿಳಿಯಬೇಕು? ಆದರೆ ಪ್ರಕಟಣೆಗೆ ಎಷ್ಟೋ ನಿಮಿಷ ಮೊದಲೇ ಅಲ್ಲಿ ಕುಳಿತವರ ಮುಖಗಳನ್ನು ನೋಡಿ ನಾವು ಸಂಗತಿಯನ್ನು ತಿಳಿದುಕೊಂಡಿದ್ದೆವು. ಅಂಕೆಗಳಿಗೆ ಅರ್ಥವನ್ನು ಕೊಟ್ಟದ್ದು ಆ ಮುಖಗಳು. ನಿನ್ನ ಮೂಲೆಯ ಚೌಕಕ್ಕೆ ಇರುವ ಕೆಲಸವೂ ಅದೇ ಮಗು: ಆಟದಲ್ಲಿ ಆದದ್ದು ಆಡುವವಳಿಗೆ ಏನಾಯಿತು ಎಂಬುದನ್ನು ತಿಳಿಸುವುದು. ಕಣ್ಣು, ಹುಬ್ಬು, ತುಟಿ ಇವು ಸ್ಪಷ್ಟವಾಗಿ ಕಂಡರೆ ಕ್ಯಾಮೆರಾ ತನ್ನ ಕೆಲಸ ಮಾಡಿದಂತೆ.

ಕಿರಿಯಳು: ನಾನು ಮೊದಲಿಗೆ ಎತ್ತಿಕೊಂಡಿರುವ ಆಟಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ಹೊರತಂದ ‘ರಾಜಿ’ ಅದು. ತಮ್ಮನನ್ನು ಅಸುರರು ಒಯ್ದಾಗ ಅವನನ್ನು ಅರಸುತ್ತ ಹೊರಡುವ ಹುಡುಗಿಯೊಬ್ಬಳಿಗೆ ದುರ್ಗೆಯೂ ವಿಷ್ಣುವೂ ಬೆಂಬಲವಾಗುವ ಕಥೆ. ಅಲ್ಲಿ ಗೋಡೆಗಳ ಮೇಲೆ ಬರುವ ಪುರಾಣದ ಚಿತ್ರಗಳ ಮುಂದೆ ನಿಂತು, ಆ ಪ್ರಸಂಗವನ್ನು ನಮ್ಮ ಕಡೆ ಹೇಗೆ ಹೇಳುತ್ತಾರೆ ಎಂಬುದನ್ನು ಸಾವಕಾಶವಾಗಿ ಕನ್ನಡದಲ್ಲಿ ಹೇಳಬೇಕೆಂದಿದ್ದೇನೆ. ಧ್ರುವ ಇಂಟರಾಕ್ಟಿವ್ 1997ರಲ್ಲಿ ಆರಂಭವಾದಂದಿನಿಂದ ಇದೇ ಬೆಂಗಳೂರಿನಲ್ಲಿ ಆಟಗಳನ್ನು ಕಟ್ಟುವ ಉದ್ಯೋಗ ನಡೆದಿದೆ. ಕನ್ನಡದಲ್ಲಿ ಮಾತಾಡುತ್ತ ಆಡುವವರೂ ಈಗ ಇದ್ದಾರೆ. ಆದರೆ ಕಥೆಯ ಒಳಗನ್ನು ಬಿಡಿಸಿ ಹೇಳುವವರನ್ನು ನನ್ನ ಮನಸ್ಸು ತಣಿಯುವಷ್ಟು ಕಾಣೆ. ಅದರಿಂದಲೇ ಚಿತ್ರ ಕಳಪೆಯಾಗಬಾರದೆಂದು ದೊಡ್ಡ ಕ್ಯಾಮೆರಾ ಬಯಸಿದ್ದು. ಕನ್ನಡದ್ದೆಂಬ ಕಾರಣಕ್ಕೆ ಜನ ರಿಯಾಯಿತಿ ತೋರಿಸಿ ನೋಡುವುದು ನನಗೆ ಬೇಡ.

ಹಿರಿಯರು: ಆ ಅಭಿಮಾನ ಇರಬೇಕಾದ್ದೇ. ಅದಕ್ಕೆ ತಕ್ಕ ದಾರಿ ಮಾತ್ರ ಬೆಳಕಿನಿಂದ ಹೊರಡುತ್ತದೆ. ಪೀಣ್ಯದಲ್ಲಿ ಬಿಡಿಭಾಗದ ಮೇಲಿನ ಕೂದಲೆಳೆಯ ಬಿರುಕನ್ನು ಹಿಡಿಯಬೇಕಾದಾಗ ನಾವು ಮೊದಲು ಮಾಡುತ್ತಿದ್ದುದು ದೀಪವನ್ನು ಎಲ್ಲಿಡಬೇಕೆಂಬ ನಿರ್ಧಾರ, ಆಮೇಲೆ ಲೆನ್ಸು, ಕ್ಯಾಮೆರಾ ಎಲ್ಲಕ್ಕೂ ಕೊನೆಗೆ. ಓರೆಯಿಂದ ಬಿದ್ದ ಬೆಳಕಿನಲ್ಲಿ ಎದ್ದು ಕಾಣುವ ಬಿರುಕು, ನೇರ ಬೆಳಕಿನಲ್ಲಿ ಅದೇ ಕ್ಯಾಮೆರಾಕ್ಕೆ ಅದೃಶ್ಯವಾಗುತ್ತಿತ್ತು. ಮಬ್ಬಿನಲ್ಲಿ ಸಣ್ಣ ಸೆನ್ಸರಿನ ಕ್ಯಾಮೆರಾ ತನಗೆ ಬಂದ ಅತ್ಯಲ್ಪ ಬೆಳಕನ್ನು ಹಿಗ್ಗಿಸುವಾಗ ಚಿತ್ರದ ತುಂಬ ಮರಳೆರಚಿದಂತೆ ಕಣಗಳೇಳುತ್ತವೆ. ಆ ಕಣಗಳು ಕ್ಷಣಕ್ಷಣಕ್ಕೂ ಸ್ಥಾನ ಬದಲಿಸುವುದರಿಂದ, ಚಿತ್ರವನ್ನು ಕುಗ್ಗಿಸುವ ತಂತ್ರಾಂಶ ಅವನ್ನೆಲ್ಲ ಚಲನೆಯೆಂದು ಬಗೆದು, ಆಟದ ಸೂಕ್ಷ್ಮಗಳಿಗೆ ಸಲ್ಲಬೇಕಾದ ಬಿಟ್‌ಗಳನ್ನು ಅವುಗಳಿಗೆ ಸುರಿಯುತ್ತದೆ. ಮೂಲೆಯ ಕತ್ತಲೆ ಹೀಗೆ ಇಡೀ ಚಿತ್ರವನ್ನು ಕೆಡಿಸುತ್ತದೆ. ಐದಾರು ಸಾವಿರದ ವೆಬ್‌ಕ್ಯಾಮು ಒಳ್ಳೆಯ ಬೆಳಕಿನಲ್ಲಿ ಕೊಡುವ ಮುಖವನ್ನು ದುಬಾರಿ ಕ್ಯಾಮೆರಾ ಕತ್ತಲೆಯಲ್ಲಿ ಕೊಡಲಾರದು. ನಿನ್ನ ಕೋಣೆಯಲ್ಲಿ ದೀಪ ಎಲ್ಲಿದೆ?

ಕಿರಿಯಳು: ನೆತ್ತಿಯ ಮೇಲೆ ಒಂದು ಎಲ್‌ಇಡಿ. ಬೆನ್ನ ಹಿಂದೆ ಒಂದು ಟ್ಯೂಬ್‌ಲೈಟು. ಮುಖದ ಮೇಲೆ ಬೀಳುವುದು ಪರದೆಯ ಬೆಳಕೇ.

ಹಿರಿಯರು: ನೆತ್ತಿಯ ದೀಪ ಕಣ್ಣಕುಳಿಗಳನ್ನು ಕಪ್ಪಾಗಿಸುತ್ತದೆ, ಪರದೆಯ ಬೆಳಕು ಆಟದಲ್ಲಿ ಬೆಂಕಿಯೆದ್ದರೆ ಕೆಂಪು, ರಾತ್ರಿಯಾದರೆ ನೀಲಿ. ಬೆನ್ನ ಹಿಂದಿನ ದೀಪವನ್ನು ಆರಿಸಿ, ಪರದೆಯ ಹಿಂದಿನ ಬಿಳಿಯ ಗೋಡೆಗೆ ಒಂದು ದೀಪವನ್ನು ತಿರುಗಿಸಿ ನಿಲ್ಲಿಸು. ಗೋಡೆಯಿಂದ ಹಿಂದಿರುಗಿದ ಬೆಳಕು ಮೃದುವಾಗಿ ಮುಖದ ತುಂಬ ಹರಡುತ್ತದೆ. ಆಮೇಲೆ ಕ್ಯಾಮೆರಾದ ಎಕ್ಸ್‌ಪೋಷರನ್ನೂ ಬಣ್ಣದ ಸಮತೋಲವನ್ನೂ ಫೋಕಸ್ಸನ್ನೂ ಸ್ವಯಂಚಾಲನೆಯಿಂದ ಬಿಡಿಸಿ ಒಂದೆಡೆ ಸ್ಥಿರಪಡಿಸು. ಇಲ್ಲವಾದರೆ ಆಟದಲ್ಲಿ ಮಿಂಚು ಹೊಳೆದಾಗಲೆಲ್ಲ ನಿನ್ನ ಮುಖ ಕಪ್ಪಾಗಿ, ಮತ್ತೆ ಬೆಳಗಾಗಿ, ನೋಡುವವನ ಕಣ್ಣನ್ನು ದಣಿಸುತ್ತದೆ. ಆದ್ದರಿಂದ ಇವನ್ನು ಕೈಯಿಂದ ಹೊಂದಿಸಲು ಅವಕಾಶವಿಲ್ಲದ ಕ್ಯಾಮೆರಾವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡ.

ಕಿರಿಯಳು: ಆಫೀಸಿನ ಮೀಟಿಂಗುಗಳಲ್ಲಿ ಕೆಲವರ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೆಲ್ಲನೆ ಮೇಲಕ್ಕೇರುತ್ತಿರುತ್ತವೆ. ಅದು ಕ್ಯಾಮೆರಾದ ದೋಷವೋ?

ಹಿರಿಯರು: ಎರಡು ದೇಶಗಳ ವಿದ್ಯುತ್ತಿನ ವ್ಯತ್ಯಾಸ ಅದು. ನಮ್ಮ ಮನೆಗಳಿಗೆ ಬೆಸ್ಕಾಂ ಕೊಡುವ ವಿದ್ಯುತ್ತು 50 ಹರ್ಟ್ಸಿನದು, ಅಮೆರಿಕದಲ್ಲಿ 60. 50 ಹರ್ಟ್ಸಿನ ದೀಪ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ, ಅಗ್ಗದ ಎಲ್‌ಇಡಿಗಳಲ್ಲಿ ಈ ಏರಿಳಿತ ಮತ್ತೂ ತೀವ್ರ. ಸಾಧಾರಣ ಸೆನ್ಸರು ಚಿತ್ರವನ್ನು ಒಮ್ಮೆಲೇ ಗ್ರಹಿಸದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಗ್ರಹಿಸುವುದರಿಂದ, ಕೆಲವು ಸಾಲುಗಳಿಗೆ ಏರಿದ ಬೆಳಕೂ ಕೆಲವಕ್ಕೆ ಇಳಿದ ಬೆಳಕೂ ದೊರೆತು ಪಟ್ಟೆಗಳಾಗುತ್ತವೆ. ಒಂದೊಂದು ಚಿತ್ರಕ್ಕೂ ಕಣ್ತೆರೆದಿರುವ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗವೋ ಐವತ್ತನೆಯ ಒಂದು ಭಾಗವೋ ಆಗಿದ್ದರೆ ಪ್ರತಿ ಸಾಲಿಗೂ ಸಮಪಾಲು ಬೆಳಕು ಸಂದು ಪಟ್ಟೆ ಅಳಿಯುತ್ತದೆ. ಅನೇಕ ವೆಬ್‌ಕ್ಯಾಮುಗಳು 60 ಹರ್ಟ್ಸಿಗೆ ಹೊಂದಿಕೊಂಡೇ ಪೆಟ್ಟಿಗೆಯಿಂದ ಹೊರಬರುತ್ತವೆ; ಸೆಟ್ಟಿಂಗಿನಲ್ಲಿ ಅದನ್ನು 50 ಮಾಡಬೇಕು. ಇಷ್ಟನ್ನು ತಿಳಿಯದೆ ಒಳ್ಳೆಯ ಕ್ಯಾಮೆರಾವನ್ನು ಅಂಗಡಿಗೆ ಹಿಂದಿರುಗಿಸಿದವರನ್ನು ಕಂಡಿದ್ದೇನೆ.

ಕಿರಿಯಳು: ಸೆಕೆಂಡಿಗೆ 60 ಚಿತ್ರಗಳನ್ನು ಕೊಡುವ ಕ್ಯಾಮೆರಾ ಉತ್ತಮವಲ್ಲವೆ? ಆಟ ಅರವತ್ತರಲ್ಲಿ ಓಡುತ್ತದೆ.

ಹಿರಿಯರು: ಆಟ ಅರವತ್ತರಲ್ಲಿಯೇ ಓಡಲಿ, ಮುಖಕ್ಕೆ ಮೂವತ್ತು ಸಾಕು. ನಮ್ಮ ದೇಶದಲ್ಲಿ ಅದಕ್ಕೊಂದು ವಿಶೇಷ ಕಾರಣವೂ ಉಂಟು. ಸೆಕೆಂಡಿಗೆ 60 ಚಿತ್ರ ತೆಗೆಯುವ ಕ್ಯಾಮೆರಾ ಒಂದು ಚಿತ್ರಕ್ಕೆ ಅರವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಕಣ್ತೆರೆದಿರಲಾರದಷ್ಟೆ. ಐವತ್ತನೆಯ ಒಂದು ಭಾಗ ಅದಕ್ಕೆ ನಿಲುಕದು. ಪಟ್ಟೆಯಿಲ್ಲದಿರಬೇಕಾದರೆ ಅದು ನೂರನೆಯ ಒಂದು ಭಾಗಕ್ಕೆ ಇಳಿಯಬೇಕು, ಇಳಿದರೆ ದೊರೆಯುವ ಬೆಳಕು ಅರ್ಧ. ಮೂವತ್ತರಲ್ಲಿ ಐವತ್ತನೆಯ ಒಂದು ಭಾಗವನ್ನು ಇಟ್ಟುಕೊಂಡು ಎರಡರಷ್ಟು ಬೆಳಕನ್ನು ಪಡೆಯಬಹುದು.

ಕಿರಿಯಳು: ಇಷ್ಟೆಲ್ಲ ಒಪ್ಪಿದೆ. ಆದರೆ ದೊಡ್ಡ ಕ್ಯಾಮೆರಾವನ್ನು ಬಯಸಲು ನನಗಿದ್ದ ಇನ್ನೊಂದು ಕಾರಣವನ್ನು ನೀವು ಕೇಳಲಿಲ್ಲ. ನನ್ನದು ಒಂದೇ ಕೋಣೆ. ಹಿಂದೆ ಮಂಚ, ಒಣಗಲು ಹಾಕಿದ ಬಟ್ಟೆ, ಗ್ಯಾಸ್ ಸ್ಟೌ ಎಲ್ಲವೂ ಕಾಣುತ್ತವೆ. ದೊಡ್ಡ ಸೆನ್ಸರೂ ಅಗಲವಾಗಿ ತೆರೆಯುವ ಲೆನ್ಸೂ ಇದ್ದರೆ ಹಿನ್ನೆಲೆ ಮಸುಕಾಗುತ್ತದೆ. ತಂತ್ರಾಂಶ ಮಾಡುವ ಮಸುಕಿನಲ್ಲಿ ಕೂದಲೂ ಕಿವಿಯ ಓಲೆಯೂ ಆಗಾಗ ಕರಗಿಹೋಗುತ್ತವೆ.

ಹಿರಿಯರು: ಅದು ನ್ಯಾಯವಾದ ಕಾರಣ, ಅದನ್ನು ವೆಬ್‌ಕ್ಯಾಮು ಈಡೇರಿಸಲಾರದೆಂಬುದೂ ನಿಜ. ಹಾಗೆ ಕೊಳ್ಳುವುದಾದರೆ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು. ಬ್ಯಾಟರಿಯ ಗುರುತು, ಫೋಕಸ್ಸಿನ ಚೌಕ ಇವು ಚಿತ್ರದ ಮೇಲೆ ಬಾರದಂತೆ ಎಚ್‌ಡಿಎಂಐ ಮೂಲಕ ಶುದ್ಧ ಚಿತ್ರವನ್ನು ಹೊರಗೆ ಕೊಡುವಂಥದಾಗಿರಬೇಕು. ಬ್ಯಾಟರಿಯ ಜಾಗದಲ್ಲಿ ಕೂಡಿಸಿ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತನ್ನು ಪಡೆಯುವ ಅಡಾಪ್ಟರು ಆ ಮಾದರಿಗೆ ಸಿಗಬೇಕು. ಗಂಟೆಗಟ್ಟಲೆ ಹಚ್ಚಿಟ್ಟರೆ ಬಿಸಿಯೇರಿ ತಾನಾಗಿ ಆರಬಾರದು. ಹಿಂದಿನ ಅನೇಕ ಕ್ಯಾಮೆರಾಗಳು ಅರ್ಧ ಗಂಟೆಗೆ ಒಂದು ಸೆಕೆಂಡು ಮೊದಲೇ ರೆಕಾರ್ಡಿಂಗನ್ನು ನಿಲ್ಲಿಸುತ್ತಿದ್ದವು. ಮೂವತ್ತು ನಿಮಿಷ ರೆಕಾರ್ಡು ಮಾಡಬಲ್ಲುದೆಲ್ಲ ವಿಡಿಯೊ ಕ್ಯಾಮೆರಾ ಎಂದು ಗಣಿಸಿ ಯುರೋಪಿನವರು ಹೆಚ್ಚು ಸುಂಕ ವಿಧಿಸುತ್ತಿದ್ದುದರಿಂದ ಬಂದ ಮಿತಿ ಅದು. ಎಚ್‌ಡಿಎಂಐ ಇರುವ ಹಳೆಯ ಹ್ಯಾಂಡಿಕ್ಯಾಮ್ ನಿಮ್ಮ ಮನೆಯ ಬೀರುವಿನಲ್ಲಿದ್ದರೆ ಅದನ್ನು ಕೂಡ ಅಲಕ್ಷಿಸಬೇಡ: ದೀರ್ಘಕಾಲ ಬಿಡದೆ ಚಿತ್ರಿಸುವುದಕ್ಕೆಂದೇ ಹುಟ್ಟಿದ್ದು ಅದು. ಆದರೆ ಇವೆಲ್ಲಕ್ಕೂ ಕ್ಯಾಪ್ಚರ್ ಕಾರ್ಡು ಬೇಕು. ಹಾಗೆ ಬಂದ ಚಿತ್ರ ಧ್ವನಿಗಿಂತ ಒಂದಿಷ್ಟು ತಡವಾಗಿ ತಲುಪುವುದರಿಂದ, ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ, ಎಷ್ಟು ಮಿಲಿಸೆಕೆಂಡು ಅಂತರವಿದೆಯೆಂದು ನೋಡಿ, ಒಬಿಎಸ್‌ನಲ್ಲಿ ಧ್ವನಿಯನ್ನು ಅಷ್ಟು ತಡೆಹಿಡಿಯಬೇಕು. ಇದಕ್ಕಿಂತ, ಬೆನ್ನ ಹಿಂದೆ ಗೋಡೆಯಿಂದ ಗೋಡೆಗೆ ಒಂದು ತಂತಿ ಎಳೆದು ಇಳಕಲ್ ಸೀರೆಯೊಂದನ್ನು ಪರದೆಯಾಗಿ ಇಳಿಬಿಟ್ಟರೆ ನಿನ್ನ ಪ್ರಸಾರಕ್ಕೆ ಅದೇ ಶೋಭೆಯೆಂದು ನನಗನ್ನಿಸುತ್ತದೆ.

ಕಿರಿಯಳು: ಅಮ್ಮನ ಹತ್ತಿರ ಒಂದು ಹಳೆಯ ಇಳಕಲ್ ಇದೆ. ಕೇಳಿ ತರುತ್ತೇನೆ. ಅಲ್ಲಿಗೆ ವೆಬ್‌ಕ್ಯಾಮೇ ಸಾಕೆಂದಾಯಿತು. ಉಳಿದ ಹಣ?

ಹಿರಿಯರು: ಮೊದಲ ಪಾಲು ಮೈಕಿಗೆ. ಕನ್ನಡಕ್ಕಾಗಿ ಈ ಕೆಲಸ ಎಂದೆಯಲ್ಲ. ಕನ್ನಡ ತಲುಪುವುದು ಧ್ವನಿಯಿಂದ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಹಾಪ್ರಾಣ ಕೇಳಿಸದಿದ್ದರೆ, ಮಾತಿನ ಕೊನೆಯ ಪದ ಫ್ಯಾನಿನ ಸದ್ದಿನಲ್ಲಿ ಮುಳುಗಿದರೆ, ಎದ್ದುಹೋಗುತ್ತಾರೆ. ವೆಬ್‌ಕ್ಯಾಮಿನಲ್ಲಿಯೇ ಇರುವ ಮೈಕನ್ನು ನಂಬಬೇಡ, ಅದು ಬಾಯಿಂದ ಬಹಳ ದೂರ. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ನಿನ್ನ ಧ್ವನಿಯ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಫ್ಯಾನು ಇದ್ದಲ್ಲಿಯೇ ಇರುತ್ತದೆ. ಎರಡನೆಯ ಪಾಲು ಒಂದು ಯುಪಿಎಸ್ಸಿಗೆ. ನಿಮ್ಮ ಕಟ್ಟಡದಲ್ಲಿ ಜನರೇಟರು ಇರಬಹುದು. ಕರೆಂಟು ಹೋಗಿ ಅದು ಹತ್ತಿಕೊಳ್ಳುವ ನಡುವಿನ ಕೆಲವು ಸೆಕೆಂಡುಗಳಲ್ಲಿಯೇ ರೌಟರು ಆರಿ ಪ್ರಸಾರ ಕಡಿದುಹೋಗುತ್ತದೆ. ರೌಟರನ್ನೂ ಕಂಪ್ಯೂಟರನ್ನೂ ಯುಪಿಎಸ್ಸಿಗೆ ಸೇರಿಸು. ರೆಕಾರ್ಡಿಂಗನ್ನು ಎಂಪಿ4 ರೂಪದಲ್ಲಿ ಮಾಡದೆ ಎಂಕೆವಿ ರೂಪದಲ್ಲಿ ಮಾಡು. ಎಂಪಿ4ರಲ್ಲಿ ಕಡತದ ಸೂಚಿಯನ್ನು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯಲಾಗುವುದರಿಂದ, ನಡುವೆ ಕರೆಂಟು ಹೋದರೆ ಆ ರಾತ್ರಿಯ ಆಟವೆಲ್ಲ ತೆರೆಯಲಾಗದ ಕಡತವಾಗಿ ಉಳಿಯಬಹುದು; ಎಂಕೆವಿಯಲ್ಲಿ ಅದುವರೆಗಿನದು ಸುರಕ್ಷಿತ. ಬೇಕಾದರೆ ಆಮೇಲೆ ಎಂಪಿ4 ಮಾಡಿಕೊಳ್ಳಬಹುದು.

ಕಿರಿಯಳು: ಇಂಟರ್ನೆಟ್ಟು ಸಾಲುವುದೇ?

ಹಿರಿಯರು: ಜಾಹೀರಾತಿನಲ್ಲಿ ಹೇಳುವ ವೇಗ ಬಹುಮಟ್ಟಿಗೆ ಇಳಿಸಿಕೊಳ್ಳುವುದರದು, ನೀನು ನೋಡಬೇಕಾದ್ದು ಏರಿಸುವ ವೇಗವನ್ನು. ಟ್ವಿಚ್ ಎಂಬ ಪ್ರಸಾರತಾಣಕ್ಕೆ 1080ರ ಚಿತ್ರವನ್ನು ಅರವತ್ತರಂತೆ ಕಳುಹಿಸಲು ಸೆಕೆಂಡಿಗೆ 6 ಮೆಗಾಬಿಟ್, ಅಂದರೆ ಗಂಟೆಗೆ 2.7 ಗಿಗಾಬೈಟ್. ಅದರ ಎರಡರಷ್ಟು ವೇಗ ಸ್ಥಿರವಾಗಿ ದೊರೆಯುತ್ತಿದ್ದರೆ ಚಿಂತೆಯಿಲ್ಲ. ವೈಫೈ ನೆಚ್ಚದೆ ತಂತಿ ಎಳೆ. ಇನ್ನೊಂದು ಮಾತು: ಕ್ಯಾಮೆರಾ ಕಾಣುವ ಕಡೆ ನಿನ್ನ ಆಫೀಸಿನ ಗುರುತಿನ ಚೀಟಿ, ವಿಳಾಸವಿರುವ ಪಾರ್ಸಲ್ ಡಬ್ಬ, ಕಟ್ಟಡದ ಹೆಸರು ಕಾಣುವ ಕಿಟಕಿ ಯಾವುದೂ ಇರಕೂಡದು. ಒಂಟಿಯಾಗಿರುವ ಹೆಣ್ಣುಮಗಳು ನೀನು. ಕಂಪನಿಯ ಲ್ಯಾಪ್‌ಟಾಪನ್ನು ಇದಕ್ಕೆ ಮುಟ್ಟಲೇಬೇಡ. ಪ್ರಸಾರದಿಂದ ಹಣ ಬರುವಂತಾದರೆ ಕಂಪನಿಯ ನಿಯಮವನ್ನು ಓದಿ ಮೊದಲೇ ಅನುಮತಿ ಪಡೆ. 2022ರ ಸೆಪ್ಟೆಂಬರಿನಲ್ಲಿ ನಿಮ್ಮ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ಸೇ ತನ್ನ ನೌಕರರಿಗೆ ಎರಡನೆಯ ಉದ್ಯೋಗ ಕೂಡದೆಂದು ಎಚ್ಚರಿಸಿ ಪತ್ರ ಬರೆದು, ಮರುತಿಂಗಳು, ಮೇಲಧಿಕಾರಿಯ ಪೂರ್ವಾನುಮತಿಯಿದ್ದರೆ ಹೊರಗಿನ ಸಣ್ಣ ಕೆಲಸಗಳನ್ನು ಮಾಡಬಹುದೆಂದಿತು. ನಿನ್ನ ಕಂಪನಿಯದು ಏನೆಂದು ಬರೆಹದಲ್ಲಿ ನೋಡಿಕೊ.

ಕಿರಿಯಳು: ನೋಡುತ್ತೇನೆ. ಕೊಳ್ಳುವುದಕ್ಕೆ ಎಸ್.ಪಿ. ರಸ್ತೆಗೆ ನೀವೂ ಬರುವಿರಾ? ಭಾನುವಾರ ನನಗೆ ರಜೆ.

ಹಿರಿಯರು: ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಬಾಗಿಲು ತೆರೆಯವು, ಶನಿವಾರ ಬಾ. ನಾನು ಪೀಣ್ಯದಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಗೆ ಬರುತ್ತೇನೆ. ನೀನು ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಬಂದು ಹಸಿರಿಗೆ ಬದಲಿಸಿಕೊಂಡರೆ ಅದೇ ನಿಲ್ದಾಣದಲ್ಲಿ ಇಳಿಯಬಹುದು. ನಿನ್ನ ಸ್ವಂತ ಲ್ಯಾಪ್‌ಟಾಪನ್ನು ತಾ. ಅಂಗಡಿಯ ದೀಪದ ಕೆಳಗೆ ಕ್ಯಾಮೆರಾ ಜೋಡಿಸಿ, 50 ಹರ್ಟ್ಸಿಗೆ ಹೊಂದಿಸಿ, ಎಕ್ಸ್‌ಪೋಷರನ್ನು ಕೈಯಿಂದ ಬದಲಿಸಿ ನೋಡಿಯೇ ಬಿಲ್ಲು ಬರೆಸೋಣ. ಅದಕ್ಕೆ ಮುಂಚೆ ಈ ವಾರ ಒಂದು ರಾತ್ರಿ, ದೀಪವನ್ನು ಗೋಡೆಗೆ ತಿರುಗಿಸಿ, ನಿನ್ನ ಮೊಬೈಲಿನ ಕ್ಯಾಮೆರಾದಿಂದಲೇ ಒಂದು ಗಂಟೆ ರೆಕಾರ್ಡು ಮಾಡಿ ನನಗೆ ಕಳುಹಿಸು. ಮುಖ ಅದರಲ್ಲೇ ಚೆನ್ನಾಗಿ ಕಂಡರೆ ಶನಿವಾರ ಮೈಕು, ಯುಪಿಎಸ್ಸು ಮಾತ್ರ ತಂದರಾಯಿತು.